ಹೆಸರು ಕೆರೆದ ಹಾಡು

ಮ್ಯಾಕ್ಸೀನಳ ಕೈಚೀಲದಲ್ಲಿ, ಎರಡು ಟವೆಲ್ಲುಗಳ ನಡುವೆ, ಅವಳ ಅಪ್ಪನ ರೆಕಾರ್ಡು ಇತ್ತು. ಬಿಸಿಲಿಗೆ ಸೊಟ್ಟಗಾದ ಹಪ್ಪಳದಂತಾಗಿದ್ದ ಅದನ್ನು ಇನ್ನು ಟವೆಲ್ಲಿನಲ್ಲಿ ಸುತ್ತಿ ಏನೂ ಪ್ರಯೋಜನವಿರಲಿಲ್ಲ. ಆದರೂ ಹಡರ್ಸ್‌ಫೀಲ್ಡಿನಿಂದ ಲಂಡನ್ನಿನವರೆಗೂ ರೈಲಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡೇ ಕೂತಿದ್ದಳು. ಕಾಳಜಿ ಮಾಡಬೇಕಾದಾಗ ಮಾಡದವರು ಆಮೇಲೆ ಹೀಗೆಯೇ ಮಾಡುವುದು.

ಅಪ್ಪ ಗಿಡಿಯನ್ ಪಿನಕ್ ತೀರಿಕೊಂಡು ವಾರ ಕಳೆದಿತ್ತು. ನಾಳೆ ಒಂಬತ್ತನೇ ರಾತ್ರಿ. ಹುಟ್ಟಿದ ದ್ವೀಪದ ಪದ್ಧತಿಯಂತೆ ಮೀನು ಹುರಿದು, ರಮ್ ಸುರಿದು, ಡಾಮಿನೋ ಬಿಲ್ಲೆ ಕುಟ್ಟಿ ಆಡಿ, ಹಾಡು ಹಾಕಿ, ಸತ್ತವನ ಜೀವವನ್ನು ಮನೆಯಿಂದ ಕಳಿಸಿಕೊಡುವ ರಾತ್ರಿ; ಮಣ್ಣು ಮಾಡುವುದು ಅದಾದ ಮೇಲೆ. ಅಮ್ಮ ಐಸಿಲ್ಡಾ ಒಂದೇ ಪಟ್ಟು ಹಿಡಿದಿದ್ದಳು. "ಆ ಹಾಡು ಹಾಕದೆ ನಿಮ್ಮಪ್ಪ ಈ ಹೊಸಿಲು ದಾಟಲ್ಲ. ನಂಗೆ ಗೊತ್ತು ಆ ಮನುಷ್ಯ. ನಾನು ಸಾಯೋವರೆಗೂ ಅದೇ ಕುರ್ಚೀಲಿ ಕೂತಿರ್ತಾನೆ." ಹೀಗೆಂದು ರೆಕಾರ್ಡನ್ನು ಮಗಳ ಕೈಗೆ ಕೊಟ್ಟು, ಸ್ಪೀಕರು ಕಟ್ಟಲಿದ್ದ ತನ್ನ ಅಣ್ಣನ ಮಗ ಎರಲ್‌ಗೆ ತಲುಪಿಸು ಎಂದಿದ್ದಳು. ನಿನ್ನೆ ಮ್ಯಾಕ್ಸೀನ್ ಅದನ್ನು ಕಾರಿನ ಹಿಂದಿನ ಸೀಟಿನ ಮೇಲಿಟ್ಟು ಮೀನು ಆರಿಸಲು ಮಾರುಕಟ್ಟೆಗೆ ಹೋದಳು. ಜುಲೈ ತಿಂಗಳು. ಕಿಟಕಿಗಳೆಲ್ಲ ಮುಚ್ಚಿದ್ದವು. ವಾಪಸು ಬಂದಾಗ ಮೀನು ಮಾತ್ರ ಚೆನ್ನಾಗಿತ್ತು. ಅಮ್ಮನಿಗೆ ಅವಳಿನ್ನೂ ಹೇಳಿರಲಿಲ್ಲ.

ಹಾಡಿನ ಹೆಸರು ಗೊತ್ತಿದ್ದರೆ ಅಂಗಡಿಗೆ ಹೋಗಿ ಇನ್ನೊಂದು ತರಬಹುದಿತ್ತು. ಆದರೆ ಗಿಡಿಯನ್ ತನ್ನ ಕಾಲದಲ್ಲಿ ಸೌಂಡ್ ಸಿಸ್ಟಮ್ ನಡೆಸಿದವನು; ಬೀರುವಿನೆತ್ತರದ ಸ್ಪೀಕರುಗಳನ್ನು ವ್ಯಾನಿಗೆ ಹೇರಿಕೊಂಡು ಊರೂರು ಸುತ್ತಿ ಜನರನ್ನು ಕುಣಿಸಿದವನು. ಆ ಕಸುಬಿನವರಿಗೆ ಒಳ್ಳೆಯ ಹಾಡು ಸಿಕ್ಕಿದರೆ ಮೊದಲು ಮಾಡುತ್ತಿದ್ದ ಕೆಲಸ ರೆಕಾರ್ಡಿನ ನಡುವಿನ ಚೀಟಿಯ ಮೇಲಿನ ಹೆಸರನ್ನು ಕೆರೆದು ಹಾಕುವುದು. ಎದುರಾಳಿ ಇಣುಕಿ ನೋಡಿ ತಾನೂ ಕೊಂಡುಕೊಂಡರೆ ಕೆಟ್ಟಿತಲ್ಲ. ಉಳಿದವರು ನಾಣ್ಯದಿಂದ ಕೆರೆದು ಸುಮ್ಮನಾಗುತ್ತಿದ್ದರು. ಗಿಡಿಯನ್ ಚೀಟಿಯ ಸುತ್ತ ಕಾರ್ಖಾನೆಯವರು ಗುರುತಿಗೆ ಕೊರೆದಿದ್ದ ಸಣ್ಣ ಅಂಕಿಗಳನ್ನೂ ಮೊಳೆಯಿಂದ ಉಜ್ಜಿಬಿಟ್ಟಿದ್ದ. ಆಸ್ಪತ್ರೆಯಲ್ಲಿ ಹೆಂಡತಿ ಹೆಸರು ಕೇಳಿದಾಗಲೂ ನಕ್ಕು ಗೋಡೆಯ ಕಡೆ ತಿರುಗಿದ್ದ. ಎದುರಾಳಿಗಳು ಮಂಚದ ಕೆಳಗೆ ಕಿವಿಗೊಟ್ಟು ಕೂತಿದ್ದಾರೆ ಅಂದುಕೊಂಡಿದ್ದನೋ ಏನೋ.

ಲಂಡನ್ನಿನ ಸೋಹೋದ ರೆಕಾರ್ಡು ಅಂಗಡಿಯಲ್ಲಿ ದೊಡ್ಡ ಕನ್ನಡಕದ ಯುವತಿಯೊಬ್ಬಳು ಕೂತಿದ್ದಳು.

"ಹಾಡಿನ ಹೆಸರೇನು?"

"ಗೊತ್ತಿಲ್ಲ."

"ಹಾಡಿರೋದು ಯಾರು?"

"ಒಬ್ಬ ಗಂಡಸು."

"ಅಷ್ಟೇ ಹೇಳಿದ್ರೆ ಅರ್ಧ ಅಂಗಡೀನೇ ನಿಮ್ಮ ಮುಂದೆ ಇಡಬೇಕಾಗುತ್ತೆ." ಯುವತಿ ರೆಕಾರ್ಡನ್ನು ದೀಪಕ್ಕೆ ಹಿಡಿದು ತಿರುಗಿಸಿ ನೋಡಿದಳು. "ಅಂಕೀನೂ ಉಜ್ಜಿದಾರಲ್ಲ. ನಿಮ್ಮಪ್ಪ ಗೂಢಚಾರರಾ?"

"ಹಗಲೆಲ್ಲ ಬಸ್ ರಿಪೇರಿ ಮಾಡ್ತಿದ್ರು."

ಯುವತಿ ತನ್ನ ಫೋನು ಮುಂದೆ ಹಿಡಿದು, ಇದರೊಳಗೆ ಗುನುಗಿ, ಯಾವ ಹಾಡೆಂದು ಅದೇ ಹೇಳುತ್ತೆ ಅಂದಳು. ಮ್ಯಾಕ್ಸೀನಳಿಗೆ ಹಾಡಲು ಬಾರದು. ಚರ್ಚಿನ ಹಾಡುಗುಂಪಿನಿಂದ ಅವಳನ್ನು ಚಿಕ್ಕಂದಿನಲ್ಲೇ ನಯವಾಗಿ ಬಿಡಿಸಿ ಕುರ್ಚಿ ಜೋಡಿಸುವ ಕೆಲಸಕ್ಕೆ ಹಾಕಿದ್ದರು. ಆದರೂ ಗುನುಗಿದಳು. ಫೋನು ಸ್ವಲ್ಪ ಹೊತ್ತು ಯೋಚಿಸಿ, ಇದು ನಾರ್ವೆ ದೇಶದ ಲಾಲಿಹಾಡು ಎಂದಿತು. ಯುವತಿ ನಗು ತಡೆದುಕೊಂಡಳು. ಆ ಮಟ್ಟಿಗೆ ಒಳ್ಳೆಯವಳು.

"ಹಾರ್ಲ್ಸ್‌ಡನ್‌ಗೆ ಹೋಗಿ. ಅಲ್ಲಿ ಲಸೆಲ್ಸ್ ಅಂತ ಒಬ್ಬ ಅಜ್ಜ ಇದಾನೆ. ಅವನಿಗೆ ಗೊತ್ತಿಲ್ಲ ಅಂದ್ರೆ ಯಾರಿಗೂ ಗೊತ್ತಿಲ್ಲ."

ಮ್ಯಾಕ್ಸೀನ್ ರೆಕಾರ್ಡನ್ನು ಮತ್ತೆ ಟವೆಲ್ಲಿನಲ್ಲಿ ಸುತ್ತಿಕೊಂಡಳು. ಅವರ ಮನೆಯಲ್ಲಿ ಆ ಹೆಸರಿಲ್ಲದೆ ಒಂದು ಕ್ರಿಸ್‌ಮಸ್ ಊಟವೂ ಮುಗಿದಿರಲಿಲ್ಲ. ಅಪ್ಪನ ಹರೆಯದಲ್ಲಿ ಇದೇ ಲಸೆಲ್ಸ್ ಲಂಡನ್ನಿನಿಂದ ಸ್ಪೀಕರು ಹೇರಿಕೊಂಡು, ಯಾರ ಹಾಡಿಗೆ ಜನ ಹೆಚ್ಚು ಕುಣಿಯುತ್ತಾರೆಂಬ ಪಂದ್ಯಕ್ಕೆ ಅವರೂರಿಗೆ ಬಂದಿದ್ದ. ನಡುರಾತ್ರಿಯವರೆಗೂ ಅವನದೇ ಮೇಲುಗೈ. ಆಮೇಲೆ ಗಿಡಿಯನ್ ಈ ಹಾಡು ಹಾಕಿದ. ಜನ ಗೋಡೆ ಬಡಿದು ಮತ್ತೆ ಮತ್ತೆ ಹಾಕಿಸಿಕೊಂಡರು, ಲಸೆಲ್ಸ್ ತಲೆ ತಗ್ಗಿಸಿ ವೈರು ಸುತ್ತಿಕೊಂಡ. ಯಾರಿಂದ ಬಚ್ಚಿಡಲು ಅಪ್ಪ ಮೊಳೆ ಹಿಡಿದಿದ್ದನೋ, ಅವನ ಕೈಗೇ ಈಗ ಇದನ್ನು ಇಡುವುದೆ? ಅದೂ ಅಪ್ಪನನ್ನು ಮಣ್ಣು ಮಾಡುವ ಮೊದಲೆ?

ಅದಕ್ಕೇ ಅವಳು ಹಾರ್ಲ್ಸ್‌ಡನ್ ಕಡೆ ಹೋಗದೆ ಲಂಡನ್ನಿನ ಇನ್ನೊಂದು ಮೂಲೆಯ ಬ್ರಿಕ್ಸ್‌ಟನ್ನಿಗೆ ಹೋದಳು. ಅಲ್ಲಿ ಅಪ್ಪ ಹೇಳುತ್ತಿದ್ದ ರೆಕಾರ್ಡು ಅಂಗಡಿ ಚಪ್ಪಲಿ ಅಂಗಡಿಯಾಗಿತ್ತು. ಪೆಕಮ್‌ಗೆ ಹೋದಳು. ಅಲ್ಲಿನ ಅಂಗಡಿ ಬಾಗಿಲು ಹಾಕಿತ್ತು. ಬೀದಿಯಲ್ಲಿ ನಿಂತಿದ್ದಾಗ ಫೋನು ಬಂತು.

"ಎಲ್ಲಿದೀಯೆ?" ಅಮ್ಮನ ದನಿ. "ಎರಲ್ ಬಂದು ಕೂತಿದಾನೆ. ಸೂಜಿ ಸರಿ ಇದ್ಯಾ ನೋಡ್ಬೇಕಂತೆ. ರೆಕಾರ್ಡೆಲ್ಲಿ?"

"ನನ್ನ ಹತ್ರಾನೇ ಇದೆ. ಭದ್ರವಾಗಿದೆ."

"ಆಣೆ?"

"ಸಿಗ್ನಲ್ ಇಲ್ಲಮ್ಮ," ಎಂದು ಮ್ಯಾಕ್ಸೀನ್ ಫೋನು ಕತ್ತರಿಸಿದಳು. ಐವತ್ತು ದಾಟಿದ ಹೆಂಗಸು, ಶಾಲೆ ತಪ್ಪಿಸಿದ ಮಗುವಿನಂತೆ ಬೆವರುತ್ತಿದ್ದಳು. ಇನ್ನು ಬೇರೆ ದಾರಿಯಿರಲಿಲ್ಲ.

ಲಸೆಲ್ಸ್‌ನ ಅಂಗಡಿ ನಾಲ್ಕು ಜನ ನಿಂತರೆ ತುಂಬುವಷ್ಟಿತ್ತು. ನಿಂತಿದ್ದವರು ಅದಕ್ಕಿಂತ ಹೆಚ್ಚು, ಎಲ್ಲರೂ ಗಂಡಸರು. ಕೌಂಟರಿನ ಹಿಂದೆ ಉಣ್ಣೆಯ ಟೋಪಿ ಹಾಕಿದ ಮುದುಕ ಒಂದೊಂದೇ ರೆಕಾರ್ಡು ಹಾಕಿ, ಸ್ವಲ್ಪ ಕೇಳಿಸಿ, ಸೂಜಿ ಎತ್ತುತ್ತಿದ್ದ. ಬೇಕಾದವರು ಬೆರಳೆತ್ತಬೇಕು. ಎತ್ತದವರನ್ನು ಅಲ್ಲಿ ಯಾರೂ ಮಾತಾಡಿಸುವುದಿಲ್ಲ. ಮ್ಯಾಕ್ಸೀನ್ ಮೂಲೆಯಲ್ಲಿ ಚೀಲ ಅವುಚಿಕೊಂಡು ನಿಂತೇ ಇದ್ದಳು. ಊರಿಗೆ ಹೋಗುವ ರೈಲಿನ ಹೊತ್ತು ಹತ್ತಿರವಾಗುತ್ತಿತ್ತು.

ಕೊನೆಗೆ ಮುದುಕನೇ ಕೇಳಿದ. "ನಿನಗೇನು ಬೇಕು ಮಗಳೇ? ಇಲ್ಲಾ ಹರಾಜು ನೋಡೋಕೆ ಬಂದ್ಯಾ?"

"ಒಂದು ಹಾಡು. ಹೆಸರು ಗೊತ್ತಿಲ್ಲ."

"ಸರಿ, ಹಾಡಿ ತೋರ್ಸು."

"ಹಾಡ್ಲಿ, ಹಾಡ್ಲಿ," ಎಂದ ಗೋಡೆಗೊರಗಿದ್ದವನೊಬ್ಬ. "ಬೆಳಗ್ಗೆಯಿಂದ ನಗೋದಕ್ಕೇ ಏನೂ ಸಿಕ್ಕಿಲ್ಲ."

ಅವಳು ನೆಲ ನೋಡುತ್ತ ಗುನುಗಿದಳು. ಮೊದಲ ಸಾಲಿಗೇ ಗಂಡಸರು ನಕ್ಕರು. ಎರಡನೆಯ ಸಾಲಿನ ನಡುವೆ ಅವಳು ನಿಲ್ಲಿಸಿದಳು. ನಿಂತುಹೋದಲ್ಲಿಂದ ಬೇರೊಂದು ದನಿ ಎತ್ತಿಕೊಂಡಿತು, ತಗ್ಗಿನ ದನಿ, ಒಂದು ಸ್ವರವೂ ತಪ್ಪದೆ. ಲಸೆಲ್ಸ್ ನಗುತ್ತಿರಲಿಲ್ಲ. ಕೊನೆಯವರೆಗೂ ಗುನುಗಿ ಮುಗಿಸಿ, ಕೌಂಟರಿನ ಮೇಲೆ ಎರಡೂ ಕೈ ಊರಿದ.

"ಯಾರ ಮಗಳು ನೀನು?"

ಸುಳ್ಳು ಹೇಳಬಹುದಿತ್ತು. ಬೆಳಗಿನಿಂದ ಸಾಕಷ್ಟು ಹೇಳಿಯೂ ಆಗಿತ್ತು. "ಗಿಡಿಯನ್ ಪಿನಕ್ ಮಗಳು."

"ಹೇಗಿದಾನೆ ಆ ಕಳ್ಳ?"

"ತೀರ್ಕೊಂಡ್ರು. ನಾಳೆ ಒಂಬತ್ತನೇ ರಾತ್ರಿ."

ಲಸೆಲ್ಸ್ ಟೋಪಿ ತೆಗೆದ. ಅಂಗಡಿಯಲ್ಲಿದ್ದವರೂ ಸರಿಯಾಗಿ ನಿಂತುಕೊಂಡರು. ಮ್ಯಾಕ್ಸೀನ್ ಟವೆಲ್ಲು ಬಿಚ್ಚಿ ರೆಕಾರ್ಡನ್ನು ಮುಂದಿಟ್ಟಳು. ಮುದುಕ ಕೆರೆದ ಚೀಟಿಯ ಮೇಲೆ ಹೆಬ್ಬೆರಳಾಡಿಸಿದ, ಉಜ್ಜಿದ ಅಂಕಿಗಳನ್ನು ನೋಡಿದ, ಸೊಟ್ಟಗಾದ ಅಂಚನ್ನೂ ನೋಡಿದ.

"ಇದಕ್ಕೋಸ್ಕರ ನಾನು ಸಮುದ್ರ ದಾಟಿ ನಮ್ಮ ದ್ವೀಪಕ್ಕೆ, ಕಿಂಗ್‌ಸ್ಟನ್‌ವರೆಗೂ ಹೋಗಿದ್ದೆ ಮಗಳೇ. ರೆಕಾರ್ಡು ಒತ್ತೋ ಕಾರ್ಖಾನೆಯಲ್ಲೆಲ್ಲಾ ಹೀಗೇ ಗುನುಗಿ ಗುನುಗಿ ಕೇಳ್ದೆ. ಸಿಗ್ಲಿಲ್ಲ. ಇದರ ಹೆಸರು ನನಗೂ ಗೊತ್ತಿಲ್ಲ."

ಯಾರೋ ಸ್ಟೂಲು ತಳ್ಳಿದರು. ಮ್ಯಾಕ್ಸೀನ್ ಕೂತು ಅತ್ತಳು, ಅಪ್ಪ ಸತ್ತ ದಿನ ಅಳದಿದ್ದುದನ್ನೂ ಸೇರಿಸಿ. ಅಮ್ಮನಿಗೆ ಯಾವ ಮುಖ ತೋರಿಸಲಿ ಎಂಬ ಮಾತು ಅಳುವಿನ ನಡುವೆ ಎರಡು ಸಲ ಬಂತು.

ಲಸೆಲ್ಸ್ ಒಳಗೆ ಹೋದ. ತಿರುಗಿ ಬಂದಾಗ ಅವನ ಕೈಯಲ್ಲಿ ಹಳೆಯದೊಂದು ಕ್ಯಾಸೆಟ್ ಇತ್ತು.

"ಆ ರಾತ್ರಿ ನಮ್ಮವನೊಬ್ಬ ಟೇಪ್ ಮಾಡಿದ್ದ, ಗೆಲ್ತೀವಿ ಅಂದ್ಕೊಂಡು," ಎಂದ. "ಒಂದೇ ಸಲ ಕೇಳಿದೀನಿ. ಯಾರಿಗೂ ಕೇಳ್ಸಿಲ್ಲ. ಟೇಪು ಹಳೇದು, ಮಧ್ಯದಲ್ಲೇ ಹರಿದ್ರೂ ಹರೀತು. ಫೋನ್ ಹಿಡ್ಕೊ, ತುಂಬಿಸ್ಕೊ."

ಅವಳು ಫೋನಿನ ರೆಕಾರ್ಡಿಂಗ್ ಒತ್ತಿ ಹಿಡಿದಳು, ಅವನು ಕ್ಯಾಸೆಟ್ ಹಾಕಿದ. ಮೊದಲು ಬರಿಯ ಗದ್ದಲ, ಸೀಟಿ. ಆಮೇಲೆ ಮೈಕಿನಲ್ಲಿ ಅಪ್ಪ. ಅವಳು ಎಂದೂ ಕೇಳದ, ಎಳೆಯ, ಸೊಕ್ಕಿನ ದನಿ. "ಲಸೆಲ್ಸ್! ಲಂಡನ್‌ಗೆ ಮೊದಲನೇ ಬಸ್ ಎಷ್ಟೊತ್ತಿಗೋ? ಟಿಕೆಟ್‌ಗೆ ಕಾಸಿದ್ಯೇನೋ?" ಕ್ಯಾಸೆಟ್ಟಿನೊಳಗೆ ಸಭೆಯೇ ನಕ್ಕಿತು. ಅಂಗಡಿಯಲ್ಲಿ ಎಲ್ಲರೂ ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು.

"ಅದನ್ನ ಕತ್ತರಿಸೋಕೆ ಹೇಳ್ತೀನಿ ಎರಲ್‌ಗೆ," ಎಂದಳು ಮ್ಯಾಕ್ಸೀನ್ ಮೆಲ್ಲಗೆ.

"ಒಂದಕ್ಷರ ಕತ್ತರಿಸ್ಬೇಡ. ಅದನ್ನ ತೆಗೆದ್ರೆ ಗಿಡಿಯನ್ನೇ ಇರಲ್ಲ."

ಹಾಡು ಶುರುವಾಯಿತು. ಅದೇ ಹೊತ್ತಿಗೆ ಅವಳ ಕೈಯಲ್ಲಿ ಫೋನು ಅದುರಿತು. ಅಮ್ಮ. ಎತ್ತಿದರೆ ತುಂಬಿಸಿಕೊಳ್ಳುವುದು ನಿಲ್ಲುತ್ತದೆ ಎಂದು ಅವಳಿಗೆ ಗೊತ್ತಿತ್ತು. ಆದರೆ ಇನ್ನೊಂದು ಸಲ ಅಮ್ಮನಿಂದ ತಪ್ಪಿಸಿಕೊಳ್ಳುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ. ಎತ್ತಿದಳು.

"ಅಮ್ಮಾ, ರೆಕಾರ್ಡು ಹಾಳಾಯ್ತು. ನಾನೇ ಬಿಸಿಲಲ್ಲಿ ಬಿಟ್ಟೆ. ಬೆಳಗ್ಗೆಯಿಂದ ನಿಂಗೆ ಸುಳ್ಳು..."

"ಬಾಯಿ ಮುಚ್ಚು," ಎಂದಳು ಐಸಿಲ್ಡಾ. "ಕೇಳಿಸ್ಕೊಳ್ಳೋಕೆ ಬಿಡು."

ಮ್ಯಾಕ್ಸೀನ್ ಫೋನನ್ನು ಸ್ಪೀಕರಿನ ಹತ್ತಿರ ಹಿಡಿದಳು. ಹಾಡು ಮುಗಿಯುವವರೆಗೂ ಆ ಕಡೆಯಿಂದ ಉಸಿರಿನ ಸದ್ದು ಬರುತ್ತಿತ್ತು. ಆಮೇಲೆ ಅಮ್ಮ ಕೇಳಿದಳು. "ಯಾರು ಹಾಕಿದ್ದು?"

"ಲಸೆಲ್ಸ್."

"ಮೊದಲಿಂದ ಹಾಕು ಅನ್ನು ಅವನಿಗೆ. ಬಸ್ಸಿನ ಮಾತಿಂದ. ಆ ಸಭೆಯ ಸದ್ದು ನಂಗೊತ್ತು, ಆ ರಾತ್ರಿ ನಾನೂ ಅಲ್ಲಿದ್ದೆ."

ಮ್ಯಾಕ್ಸೀನ್ ಮುದುಕನನ್ನು ನೋಡಿದಳು. ನಾಳೆಗೆಂದು ಅವಳ ಬಳಿ ಏನೂ ಉಳಿದಿರಲಿಲ್ಲ, ಆ ಸವೆದ ಟೇಪೊಂದನ್ನು ಬಿಟ್ಟರೆ. ಅದನ್ನು ಹಿಂದಕ್ಕೆ ಸುತ್ತುವಾಗ ಹರಿದರೆ ಎಲ್ಲ ಮುಗಿಯಿತು. ಬೇಡ ಅನ್ನಿ ಎಂದು ಕಣ್ಣಲ್ಲೇ ಬೇಡಿಕೊಂಡಳು.

"ಕೇಳೋರು ಕೇಳಿದ ಮೇಲೆ ಹಾಕ್ಲೇಬೇಕು ಮಗಳೇ," ಎಂದ ಲಸೆಲ್ಸ್. ಗುಂಡಿ ಒತ್ತಿದ. ಟೇಪು ಕಿರುಗುಟ್ಟಿತು, ಒಂದು ಕಡೆ ತಡೆಯಿತು, ಮತ್ತೆ ತಿರುಗಿತು. ಗಂಡಸರೆಲ್ಲ ಕೌಂಟರಿನ ಕಡೆ ಬಾಗಿದರು. ಆಮೇಲೆ ಗಿಡಿಯನ್ ಮತ್ತೆ ಬಸ್ಸಿನ ವಿಚಾರ ಎತ್ತಿದ, ಮತ್ತೆ ಎಲ್ಲರೂ ನಕ್ಕರು, ಮತ್ತು ಈ ಸಲ ಹಡರ್ಸ್‌ಫೀಲ್ಡಿನ ಮನೆಯಲ್ಲಿ ಅವನ ಹೆಂಡತಿಯೂ ನಗುವುದು ಫೋನಿನಲ್ಲಿ ಕೇಳಿಸಿತು.