ಕೆಂಡ ಮುಟ್ಟುವ ತನಕ

ನಾನು ಒಂದು ಅಗರಿನ ತುಂಡು. ಮೊದಲೇ ಹೇಳಿಬಿಡುತ್ತೇನೆ, ನನ್ನ ಹುಟ್ಟಿನಲ್ಲಿ ಹೂವಿನ ಮಾತಿಲ್ಲ, ಹಣ್ಣಿನ ಮಾತಿಲ್ಲ. ಇರುವುದು ಒಂದು ಹುಳುವಿನ ಮಾತು. ಅಸ್ಸಾಮಿನ ಒಂದು ಹಿತ್ತಿಲಿನಲ್ಲಿ, ಬಿದಿರು ಮೆಳೆಯ ಪಕ್ಕ, ನನ್ನ ತಾಯಿಮರ ನಿಂತಿತ್ತು. ಬಿಳಿಯ, ಹಗುರವಾದ, ಯಾವ ಪರಿಮಳವೂ ಇಲ್ಲದ ಮರ. ಒಂದು ವರ್ಷ ಅದರ ಕಾಂಡವನ್ನು ಹುಳು ಕೊರೆಯಿತು. ಹುಳು ಮಾಡಿಕೊಟ್ಟ ದಾರಿಯಲ್ಲಿ ಬೂಷ್ಟು ಹೊಕ್ಕಿತು. ಓಡಿಹೋಗಲು ಮರಕ್ಕೆ ಕಾಲಿಲ್ಲ. ಅದು ಗಾಯದ ಸುತ್ತ ಕಪ್ಪು ಅಂಟನ್ನು ಸುರಿಸಿ ಗೋಡೆ ಕಟ್ಟಿಕೊಂಡಿತು. ಹುಳು ಸತ್ತಿತು. ಮರಕ್ಕೆ ನಂಬಿಕೆ ಬರಲಿಲ್ಲ. ಮತ್ತೆ ಬಂದರೆ ಎಂದು ವರ್ಷಗಟ್ಟಲೆ ಆ ಗೋಡೆಯನ್ನು ದಪ್ಪ ಮಾಡುತ್ತಲೇ ಹೋಯಿತು. ಆ ಗೋಡೆಯೇ ನಾನು. ಒಂದು ಮರದ ಗುಮಾನಿ ಗಟ್ಟಿಗೊಂಡು ನಾನಾದೆ. ಹೀಗಿರುವಾಗ ನಾನು ಎಲ್ಲರನ್ನೂ ಓರೆಗಣ್ಣಿನಿಂದ ನೋಡಿದರೆ ಯಾರೂ ಬೇಜಾರು ಮಾಡಿಕೊಳ್ಳಬಾರದು.

ಹಿತ್ತಿಲಿನ ಯಜಮಾನನೂ ನನಗಿಂತ ಕಡಿಮೆಯವನಲ್ಲ. ಮರ ಸೊರಗತೊಡಗಿದಾಗ ಬೇರೆಯವರಾದರೆ ಮರುಗುತ್ತಿದ್ದರು. ಅವನು ಖುಷಿಪಟ್ಟ. ಕತ್ತಿಯ ಹಿಂಬದಿಯಿಂದ ಕಾಂಡವನ್ನು ತಟ್ಟಿ ತಟ್ಟಿ ಕಿವಿಗೊಟ್ಟು ಕೇಳಿದ. ಒಳಗೆ ಏನೋ ಇದೆ ಎಂಬ ಸಂಶಯ ಗಟ್ಟಿಯಾದದ್ದೇ ತಡ, ಮರವನ್ನು ಉರುಳಿಸಿದ. ನಾಲ್ಕಾರು ಜನ ಕೂತು ಬಾಗಿದ ಉಳಿಯಿಂದ ಬಿಳಿಯ ಭಾಗವನ್ನೆಲ್ಲ ಹೆರೆದು ಹೆರೆದು ತೆಗೆದರು. ಕೊನೆಗೆ ಅಂಗೈಯಗಲದ, ಸೊಟ್ಟಗಿನ, ಕರಿಯ ತುಂಡಾಗಿ ನಾನು ಹೊರಬಂದೆ. ನನ್ನನ್ನು ನೀರಿನ ಬೋಗುಣಿಗೆ ಹಾಕಿದರು. ಮರವಾಗಿದ್ದರೂ ನಾನು ಮುಳುಗಿದೆ. ಅಂಟು ತುಂಬಿದ ಅಗರು ಮುಳುಗುತ್ತದೆ, ಅದೇ ಅದರ ಗುರುತು. ಎಲ್ಲರ ಮುಖ ಅರಳಿತು. ಅರಳಿದ ಮುಖಗಳನ್ನು ಕಂಡರೆ ನನಗೆ ಅಂದಿನಿಂದಲೂ ಆಗಿಬರುವುದಿಲ್ಲ.

ಅಲ್ಲಿಂದ ಮುಂಬಯಿಯ ಒಬ್ಬ ಸುಗಂಧದ ವ್ಯಾಪಾರಿಯ ಅಂಗಡಿಗೆ ಬಂದೆ. ಅಲ್ಲಿ ನನ್ನವರು ಬೇಕಾದಷ್ಟು ಇದ್ದರು. ಕೆಲವರನ್ನು ದೇವಸ್ಥಾನದ ಧೂಪಕ್ಕೆ ಪುಡಿ ಮಾಡಲು ಒಯ್ಯುತ್ತಿದ್ದರು, ಕೆಲವರನ್ನು ದರ್ಗಾಕ್ಕೆ, ಕೆಲವರನ್ನು ಪಂಡಿತರ ಲೇಹ್ಯಕ್ಕೆ. ಮದುವೆ ಮನೆಯವರು ಬಟ್ಟೆಗೆ ಹೊಗೆ ಕೊಡಲು ಒಯ್ಯುತ್ತಿದ್ದರು. ಪಕ್ಕದ ಕಪಾಟಿನಲ್ಲಿ ಅಗರಬತ್ತಿಯ ಕಟ್ಟುಗಳಿದ್ದವು. ನಮ್ಮ ಹೆಸರನ್ನು ಹೊತ್ತುಕೊಂಡು ಊರೆಲ್ಲ ಮೆರೆಯುವ ಆ ಕಡ್ಡಿಗಳಲ್ಲಿ ಹುಡುಕಿದರೂ ನಮ್ಮ ಚೂರು ಸಿಗುವುದು ಅಪರೂಪ. ಆದರೂ ಅವುಗಳನ್ನು ಯಾರೂ ಅನುಮಾನಿಸಲಿಲ್ಲ. ಅನುಮಾನವೆಲ್ಲ ನನ್ನ ಪಾಲಿಗೆ ಬಂತು.

ಏಕೆಂದರೆ ನನಗೊಂದು ಐಬು ಇದೆ. ತಣ್ಣಗಿರುವಾಗ ನನಗೆ ಪರಿಮಳವಿಲ್ಲ, ಇದ್ದರೂ ಇದೆಯೋ ಇಲ್ಲವೋ ಎಂಬಷ್ಟು. ಕೆಂಡ ಮುಟ್ಟದೆ ನನಗೆ ಬಾಯಿ ಬರುವುದಿಲ್ಲ. ಬಂದ ಗಿರಾಕಿಗಳೆಲ್ಲ ಮೂಸಿ ಮೂಸಿ ಮೂಗು ಮುರಿದರು. ಒಳಗೆ ಸೀಸ ತುಂಬಿದ್ದಾರೆ, ಅದಕ್ಕೇ ಮುಳುಗುತ್ತದೆ ಎಂದ ಒಬ್ಬ. ಹೊರಗೆ ಬಣ್ಣ ಹಚ್ಚಿದ್ದಾರೆ ಎಂದ ಇನ್ನೊಬ್ಬ. ಪ್ರತಿಯೊಬ್ಬರೂ ನನ್ನಿಂದ ಒಂದು ಸಿಬಿರು ಸೀಳಿ ಕೆಂಡದ ಮೇಲಿಟ್ಟು ನೋಡಿ, ಕಣ್ಣು ಮುಚ್ಚಿ ಉಸಿರೆಳೆದು, ಆಮೇಲೂ ನಂಬದೆ ತಲೆಯಾಡಿಸಿ ಹೋದರು. ಹೀಗೆ ಪರೀಕ್ಷೆಗೇ ನಾನು ಅರ್ಧ ಸವೆದೆ.

ಕಡೆಗೆ ನಾನು ಪಕ್ರಬ್ಬನ ಕೈ ಸೇರಿದೆ. ಅವನು ಮಂಗಳೂರು ಬಂದರಿನಿಂದ ಮುಂಬಯಿಗೆ ಸರಕು ಸಾಗಿಸುವ ಮಂಜಿಯಲ್ಲಿ, ಅಂದರೆ ಹಾಯಿ ಹಡಗಿನಲ್ಲಿ, ಅಡುಗೆಯವ. ವ್ಯಾಪಾರಿಗೆ ಜ್ವರ ಬಂದು ಊಟ ಸೇರದೆ ಮಲಗಿದ್ದಾಗ ದಿನಾ ಗಂಜಿ, ಮೀನಿನ ತಿಳಿಸಾರು ಮಾಡಿಕೊಟ್ಟಿದ್ದನಂತೆ. ಯಾರೂ ನಂಬದ ತುಂಡನ್ನು ವ್ಯಾಪಾರಿ ಅವನಿಗೆ ಉಡುಗೊರೆ ಮಾಡಿದ. ಇಷ್ಟು ಸುಲಭಕ್ಕೆ ಕೈಬಿಟ್ಟನೆಂದರೆ ಅವನಿಗೂ ನನ್ನ ಮೇಲೆ ಸಂಶಯವಿತ್ತೆಂದೇ ನನ್ನ ಎಣಿಕೆ.

ಪಕ್ರಬ್ಬ ಹೊಸದಾಗಿ ಮದುವೆಯಾದವನು. ದಾರಿಯುದ್ದಕ್ಕೂ ನನ್ನನ್ನು ಮೂಸುತ್ತಲೇ ಬಂದ. ಹೆಂಡತಿ ಬಿಚ್ಚಿ ನೋಡಿ ಇದೆಂತ ಸೌದೆ ಎಂದುಬಿಟ್ಟರೆ ಎಂಬ ಹೆದರಿಕೆ ಅವನಿಗೆ. ಮಂಗಳೂರಿನ ದಕ್ಕೆಯಲ್ಲಿ ಇಳಿಯುವ ಮುನ್ನ ಅವನು ನನ್ನನ್ನು ಒಂದು ಮಲ್ಲಿನ ಬಟ್ಟೆಯಲ್ಲಿ ಸುತ್ತಿ, ಆ ಬಟ್ಟೆಗೆ ಗುಲಾಬಿ ಅತ್ತರು ಹಾಕಿದ. ನನಗೆ ಮೈ ಉರಿದುಹೋಯಿತು. ನನ್ನನ್ನು ನಂಬದವರು ಎಷ್ಟೋ ಜನ, ಆದರೆ ನನಗೆ ಇನ್ನೊಬ್ಬರ ಪರಿಮಳವನ್ನು ಹೊದಿಸಿದವನು ಇವನೊಬ್ಬನೇ. ಅವನ ಹೆಂಡತಿ ಅವ್ವಮ್ಮ ಗಂಟು ಬಿಚ್ಚಿ, ಮೂಸಿ, ನಕ್ಕಳು. ಅವಳ ನಗು ಕಂಡ ಮೇಲೆ ಅವನಿಗೆ ನಿಜ ಹೇಳುವ ಧೈರ್ಯ ಬರಲಿಲ್ಲ. ಪ್ರತಿ ಹಬ್ಬದ ಹಿಂದಿನ ದಿನ ಅವಳು ಬಾವಿಕಟ್ಟೆಯಲ್ಲಿರುವಾಗ ಬಟ್ಟೆಗೆ ಮತ್ತೆ ಅತ್ತರು ಹಚ್ಚಿಡುತ್ತಿದ್ದ. ಮರುದಿನ ಅವಳು ಬಿಚ್ಚಿ ಮೂಸುತ್ತಿದ್ದಳು. ಇದು ಮೋಸವೋ ಪ್ರೀತಿಯೋ ಎಂದು ಆಗ ನನಗೆ ತಿಳಿಯಲಿಲ್ಲ. ಮೋಸ ಎಂದೇ ಇಟ್ಟುಕೊಂಡೆ.

ಒಂದೇ ಒಂದು ಸಲ ಅವರು ನನ್ನ ಬಾಯಿ ತೆರೆಸಿದರು. ಮಗ ಸಿದ್ದೀಕ್ ಹುಟ್ಟಿ ನಲ್ವತ್ತು ದಿನಕ್ಕೆ, ಬಾಣಂತಿಗೆ ನಲ್ವತ್ತರ ಸ್ನಾನವಾದ ದಿನ ಪಕ್ರಬ್ಬ ನನ್ನಿಂದ ಒಂದು ಸಿಬಿರು ಸೀಳಿ, ತೆಂಗಿನ ಗೆರಟೆಯ ಕೆಂಡದ ಮೇಲಿಟ್ಟ. ಕೆಂಡದ ಚಟ್ಟಿಯ ಮೇಲೆ ಬುಟ್ಟಿ ಬೋರಲು ಹಾಕಿ, ಅವ್ವಮ್ಮ ತನ್ನ ಒದ್ದೆ ಕೂದಲನ್ನು ಅದರ ಮೇಲೆ ಹರಡಿ ಮಲಗಿದಳು. ಗುಲಾಬಿಯಲ್ಲ, ಮಲ್ಲಿಗೆಯಲ್ಲ, ಅಡಿಯಿಂದ ಎದ್ದುಬರುವ ನನ್ನ ಹೊಗೆ ಅವಳ ಕೂದಲನ್ನು ಒಣಗಿಸಿತು. ಉಳಿದದ್ದನ್ನು ಮೊಮ್ಮಗುವಿಗೆ ಎಂದು ಅವಳು ಆಗಲೇ ಹರಕೆಯಂತೆ ಹೇಳಿ ಎತ್ತಿಟ್ಟಳು. ಪಕ್ರಬ್ಬ ತೀರಿಕೊಂಡ ಮೇಲೆ ಗಂಟು ಪೆಟ್ಟಿಗೆಯ ತಳ ಸೇರಿತು. ಅವನು ಕೈಯಾರೆ ಕಟ್ಟಿದ ಗಂಟನ್ನು ಬಿಚ್ಚಲು ಅವಳಿಗೆ ಮನಸ್ಸಾಗಲಿಲ್ಲ. ಹಬ್ಬಗಳು ಬಂದು ಹೋದವು. ಬಟ್ಟೆಯ ಅತ್ತರು ಆರಿತು.

ಸಿದ್ದೀಕ್ ಬೆಳೆದು ದೋಣಿಗಳ ಎಂಜಿನ್ ರಿಪೇರಿ ಕಲಿತ, ಮದುವೆಯಾದ. ಸೊಸೆಯ ಹೆಸರು ರಮ್ಲತ್. ತಾಯಿ ಇಲ್ಲದ ಹುಡುಗಿ. ಇರುವವನು ಒಬ್ಬ ಅಣ್ಣ, ಮಸೀದಿಯ ಮುಂದೆ ಗಾಡಿಯಲ್ಲಿ ಟೋಪಿ, ಸುರ್ಮ, ಅತ್ತರು ಮಾರುವವನು. ಅತ್ತರಿನ ಮನೆಯ ಹುಡುಗಿ ಎಂದು ಕೇಳಿದಾಗಲೇ ಪೆಟ್ಟಿಗೆಯೊಳಗೆ ನಾನು ಹುಷಾರಾದೆ. ತವರಿನಲ್ಲಿ ನೋಡಿಕೊಳ್ಳುವವರಿಲ್ಲದ್ದರಿಂದ ಹೆರಿಗೆಯೂ ಇಲ್ಲಿಯೇ ಆಗುವುದೆಂದಾಯಿತು. ಹುಟ್ಟುವ ಮಗುವಿಗೆ ಮೆತ್ತನೆಯ ಹಳೆ ಸೀರೆ ತೆಗೆಯಲು ಅವ್ವಮ್ಮನೇ ಅವಳನ್ನು ಪೆಟ್ಟಿಗೆಗೆ ಕಳಿಸಿದಳು. ಸೀರೆಗಳ ಅಡಿಯಲ್ಲಿ ಗಂಟು ಸಿಕ್ಕಿತು. ರಮ್ಲತ್ ಬಿಚ್ಚಿದಳು, ಮೂಸಿದಳು, ಬಾಗಿಲ ಕಡೆ ನೋಡಿದಳು. ಇಗೋ ಕಳ್ಳಿ, ಎಂದುಕೊಂಡೆ. ಅವಳು ಮತ್ತೆ ಮೊದಲಿನ ಹಾಗೆಯೇ ಗಂಟು ಕಟ್ಟಿ ಇಟ್ಟಳು. ಇವತ್ತು ಇಟ್ಟಳು, ನಾಳೆ ಒಯ್ಯುತ್ತಾಳೆ ಎಂದು ನಾನು ಕಾದೆ. ಅವಳು ಮತ್ತೆ ಆ ಕಡೆ ಬರಲೇ ಇಲ್ಲ.

ಹೆಣ್ಣು ಮಗು ಹುಟ್ಟಿತು. ನಲ್ವತ್ತರ ದಿನ ಬೆಳಿಗ್ಗೆ ಅವ್ವಮ್ಮ ಪೆಟ್ಟಿಗೆ ತೆರೆದು ನನ್ನನ್ನು ತೆಗೆದಳು. ಮಡಿಲಲ್ಲಿಟ್ಟು ಅವಸರವಿಲ್ಲದೆ ಗಂಟು ಬಿಚ್ಚಿದಳು. ಗಂಡನ ಕೈ ಮುಟ್ಟಿದ ಬಟ್ಟೆಯಲ್ಲವೇ. ಮೂಗಿಗೆ ಹಿಡಿದಳು. ಇನ್ನೊಮ್ಮೆ ಹಿಡಿದಳು. ಬಟ್ಟೆಯನ್ನು ಬೇರೆ, ನನ್ನನ್ನು ಬೇರೆ ಮೂಸಿದಳು. ಅವಳ ಮುಖ ಕಪ್ಪಿಟ್ಟಿತು.

"ರಮ್ಲತ್, ಇಲ್ಲಿ ಬಾ. ಇದು ಆ ತುಂಡು ಅಲ್ಲ."

"ಯಾವ ತುಂಡು ಮಾಮಿ?"

"ಗೊತ್ತಿಲ್ಲದ ಹಾಗೆ ಮಾಡ್ಬೇಡ. ಪೆಟ್ಟಿಗೆಗೆ ಕೈ ಹಾಕಿದ್ದು ನೀನೊಬ್ಳೇ. ಸಿದ್ದೀಕಿನ ಬಾಪ ತಂದದ್ದು ಬಿಚ್ಚುವಾಗಲೇ ಘಮ್ಮಂತಿತ್ತು. ಇದಕ್ಕೆ ವಾಸನೆಯೇ ಇಲ್ಲ. ಎಂತ ಮಾಡಿದ್ದಿ ಅದನ್ನು? ಅಣ್ಣನಿಗೆ ಕೊಟ್ಟಿಯಾ?"

ರಮ್ಲತ್ ಮಗುವನ್ನು ಎದೆಗೊತ್ತಿಕೊಂಡು ನಿಂತಳು. "ಬಿಚ್ಚಿ ನೋಡಿದ್ದು ಹೌದು ಮಾಮಿ. ಮೂಸಿದ್ದೂ ಹೌದು. ಅಲ್ಲಿಯೇ ಇಟ್ಟಿದ್ದೇನೆ."

"ಮೂಸಿದ್ದು ಯಾಕೆ?"

ರಮ್ಲತ್ ತಲೆ ತಗ್ಗಿಸಿದಳು. ತಗ್ಗಿಸಿದ ತಲೆಯೇ ಅವ್ವಮ್ಮನಿಗೆ ಸಾಕ್ಷಿಯಾಯಿತು.

ನಾನು ಅವ್ವಮ್ಮನ ಅಂಗೈಯಲ್ಲಿದ್ದೆ. ಆ ಮನೆಯಲ್ಲಿ ನಿಜ ಗೊತ್ತಿದ್ದುದು ನನಗೊಬ್ಬನಿಗೇ. ಇವಳು ಕದ್ದಿಲ್ಲ, ಆರಿಹೋದದ್ದು ನಿನ್ನ ಗಂಡ ಹಚ್ಚಿದ ಅತ್ತರು ಎಂದು ಹೇಗೆ ಹೇಳಲಿ? ಜೀವನವಿಡೀ ಯಾರನ್ನೂ ನಂಬದೆ ಬಿಗಿದುಕೊಂಡು ಕೂತಿದ್ದ ನನಗೆ ಅವತ್ತು ಮೊದಲ ಬಾರಿ ಇನ್ನೊಬ್ಬರ ಪರವಾಗಿ ಬಾಯಿ ಬಿಡಬೇಕೆನಿಸಿತು.

"ಒಂದು ಸಣ್ಣ ಸಿಬಿರು ಸುಟ್ಟು ನೋಡುವ ಮಾಮಿ," ಎಂದಳು ರಮ್ಲತ್.

"ಸಿಬಿರು ಸುಟ್ಟರೆ ಎಂತ ಗೊತ್ತಾಗ್ತದೆ? ಎಂಥದೋ ಬೇರಿಗೆ ಮೇಲೆ ಎಣ್ಣೆ ಹಚ್ಚಿ ಮಾರ್ತಾರೆ ನಿನ್ನ ಅಣ್ಣನಂಥವರು. ಮೇಲಿನ ಸಿಪ್ಪೆ ಪರಿಮಳ ಬರ್ತದೆ, ಒಳಗಿನದು ಬರೀ ಸೌದೆ. ನನಗೆ ಕಿವಿ ಮೇಲೆ ಹೂ ಇಡ್ಲಿಕ್ಕೆ ಬರ್ಬೇಡ. ಸಂಜೆ ಸಿದ್ದೀಕ್ ಬರಲಿ, ನೆಂಟರೂ ಬರ್ತಾರೆ. ಎಲ್ಲರ ಎದುರಿಗೇ ಕೇಳುವ."

ನನ್ನನ್ನು ಚಾಪೆಯ ಮೇಲೆ ಎಸೆದು ಅವಳು ಅಡುಗೆಮನೆಗೆ ಹೋದಳು. ನನ್ನ ಬದಲಿಗೆ, ಡಬ್ಬಿಯಲ್ಲಿ ಬರುವ, ಮೂಸಿದರೆ ತಲೆನೋವು ತರುವ ಸೆಂಟಿನ ಚಕ್ಕೆಗಳನ್ನು ತರಲು ಪಕ್ಕದ ಮನೆಯವಳಿಗೆ ಕಿಟಕಿಯಿಂದಲೇ ಹೇಳಿದಳು. ಧ್ವನಿಯಲ್ಲಿ ಅಳುವಿತ್ತು. ಅವಳಿಗೆ ಕಳೆದುಹೋದದ್ದು ಮರದ ತುಂಡಲ್ಲ, ಪಕ್ರಬ್ಬನೇ ಎರಡನೇ ಸಲ ಹೋದ ಹಾಗಾಗಿತ್ತು. ಅದು ನನಗೂ ಅರ್ಥವಾಯಿತು.

ರಮ್ಲತ್ ನನ್ನ ಪಕ್ಕ ಚಾಪೆಯ ಮೇಲೆ ಕೂತಳು. ಸಂಜೆ ಕಳ್ಳಿ ಎನಿಸಿಕೊಂಡರೆ ಹೋಗಿ ನಿಲ್ಲಲು ಅವಳಿಗೆ ಒಂದು ಹೊಸ್ತಿಲಿಲ್ಲ. ಅಣ್ಣನ ಮನೆಗೆ ಹೋದರೆ ಮಾಲು ಅಲ್ಲಿಯೇ ಇದೆ ಎಂದು ಊರು ಹೇಳುತ್ತದೆ. ಬಾಣಂತಿಯ ಸ್ನಾನಕ್ಕೆ ಗೆರಟೆಯ ಕೆಂಡ ಸಿದ್ಧವಾಗಿತ್ತು. ಅವಳು ಸ್ನಾನ ಮುಗಿಸಿ ಬಂದಳು, ಮಗುವನ್ನು ತೊಟ್ಟಿಲಲ್ಲಿ ಮಲಗಿಸಿದಳು. ಚಟ್ಟಿಯನ್ನು ಎಳೆದುಕೊಂಡಳು. ಕೆಂಡದ ಮೇಲೆ ತುಸು ಬೂದಿ ಉದುರಿಸಿದಳು. ಆಮೇಲೆ ನನ್ನನ್ನು ಎತ್ತಿ, ಸೀಳಲಿಲ್ಲ, ಮುರಿಯಲಿಲ್ಲ, ಇಡಿಯಾಗಿ ಇಟ್ಟುಬಿಟ್ಟಳು.

ಬಿಸಿ ಒಳಗೆ ಇಳಿಯಿತು. ಮೊದಲು ಹೊರಮೈ ಬೆವರಿತು. ಆಮೇಲೆ ಒಳಗಿನ ಕಪ್ಪು ಅಂಟು ಕುದಿಯತೊಡಗಿತು. ತಾಯಿಮರ ವರ್ಷಗಟ್ಟಲೆ ಬಿಗಿಹಿಡಿದದ್ದೆಲ್ಲ ಸಡಿಲವಾಗಿ, ನೀಲಿ ಹೊಗೆಯಾಗಿ ಮೇಲೆದ್ದಿತು. ಹೆದರಿಕೆಯಾಯಿತೇ ಎಂದು ಕೇಳಿದರೆ, ಆಯಿತು. ಹಾಯೆನಿಸಿತೇ ಎಂದರೆ ಅದೂ ಹೌದು.

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಅವ್ವಮ್ಮ ಬಾಗಿಲಿಗೆ ಬಂದಳು. ಒಂದು ಕೈಯಲ್ಲಿ ಸೌಟು ಹಾಗೆಯೇ ಇತ್ತು. ಬಾಗಿಲ ದಾರಂದವನ್ನು ಹಿಡಿದುಕೊಂಡು ಅವಳು ಉಸಿರೆಳೆದಳು. ಸಿದ್ದೀಕನ ನಲ್ವತ್ತರ ದಿನ ಅವಳ ಕೂದಲಿಗೆ ಹತ್ತಿದ್ದ ಹೊಗೆ ಇದು. ಅದನ್ನು ಮರೆಯುವ ಮೂಗಲ್ಲ ಅವಳದು. ಗಂಡನ ಹೆಸರನ್ನು ಒಮ್ಮೆ ಕರೆದಳು. ಮರುಕ್ಷಣ ಚಟ್ಟಿಯತ್ತ ಬಂದಳು.

"ತೆಗಿ ಅದನ್ನು. ಸಾಕು, ಗೊತ್ತಾಯ್ತು. ಇಕ್ಕಳ ತಾ, ಅರ್ಧವಾದರೂ ಉಳೀತದೆ."

ರಮ್ಲತ್ ಚಟ್ಟಿಯ ಮೇಲೆ ಬುಟ್ಟಿಯನ್ನು ಬೋರಲು ಹಾಕಿದಳು.

"ಬೇಡ ಮಾಮಿ. ಉಳಿದರೆ ನೀವು ಮತ್ತೆ ಪೆಟ್ಟಿಗೆಯಲ್ಲಿ ಇಡ್ತೀರಿ. ಇನ್ನೊಂದು ದಿನ ತೆಗೆದು ಮೂಸಿ ನೋಡ್ತೀರಿ. ಪೂರ್ತಿ ಸುಡಲಿ."

ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಅವ್ವಮ್ಮನಿಗೆ ಅವಳನ್ನು ತಡೆಯಲಾಗಲಿಲ್ಲ. ಅವಳು ಸೊಸೆಯ ಒದ್ದೆ ಕೂದಲನ್ನು ತನ್ನ ಕೈಯಿಂದಲೇ ಬಿಡಿಸಿ ಬುಟ್ಟಿಯ ಮೇಲೆ ಹರಡಿದಳು. ಸಿಕ್ಕುಗಳನ್ನು ಬೆರಳಿನಲ್ಲಿ ಬಿಡಿಸುತ್ತ, ಮೂಗೊರೆಸಿಕೊಳ್ಳುತ್ತ ಕೂತಳು. ನಾನು ಬುಟ್ಟಿಯ ಕೆಳಗಿನಿಂದ ಅವಳ ಬೆರಳುಗಳನ್ನು ನೋಡುತ್ತಿದ್ದೆ. ಬೇರೆ ಸಮಯದಲ್ಲಾಗಿದ್ದರೆ ಈ ಉಪಚಾರದ ಹಿಂದೆ ಏನಿದೆಯೋ ಎಂದು ಯೋಚಿಸುತ್ತಿದ್ದೆ. ಅವತ್ತು ಯೋಚಿಸಲು ನನ್ನಲ್ಲಿ ಹೆಚ್ಚೇನೂ ಉಳಿದಿರಲಿಲ್ಲ.

ಹೊಗೆ ತೆಳುವಾದಾಗ ಅವ್ವಮ್ಮ ಮೆಲ್ಲಗೆ ಕೇಳಿದಳು, "ಅದು ಅಸಲಿ ಅಂತ ನಿನಗೆ ಮೊದಲೇ ಗೊತ್ತಿತ್ತಾ? ಅಣ್ಣನ ಹತ್ರ ಕಲಿತಿದ್ದಿಯಾ?"

"ಇಲ್ಲ ಮಾಮಿ. ಮೂಸಿದಾಗ ನನಗೂ ಸೌದೆ ಅಂತಲೇ ಕಂಡಿತ್ತು. ಮಾವನಿಗೆ ಯಾರೋ ಮೋಸ ಮಾಡಿದ್ದಾರೆ ಅಂತ ಗ್ರಹಿಸಿದ್ದೆ."

"ಮತ್ತೆ ಯಾವ ಧೈರ್ಯದಲ್ಲಿ ಕೆಂಡಕ್ಕೆ ಹಾಕಿದ್ದು? ಸೌದೆಯೇ ಆಗಿದ್ದರೆ?"

ರಮ್ಲತ್ ಕಣ್ಣು ಮುಚ್ಚಿಕೊಂಡೇ ಹೇಳಿದಳು, "ಅದು ಎಂತದು ಅಂತ ನನಗೆ ಗೊತ್ತಿರಲಿಲ್ಲ. ನಾನು ತೆಗೆದಿಲ್ಲ ಅಂತ ಮಾತ್ರ ಗೊತ್ತಿತ್ತು."

ಅವ್ವಮ್ಮನ ಬೆರಳುಗಳು ಕೂದಲಿನಲ್ಲಿ ಹಾಗೆಯೇ ನಿಂತವು.

ಈಗ ನಾನು ಚಟ್ಟಿಯ ತಳದಲ್ಲಿ ಒಂದು ಚಿಟಿಕೆ ಬೂದಿ. ಮಗುವಿನ ಬಟ್ಟೆಯಲ್ಲಿ, ಆ ಇಬ್ಬರು ಹೆಂಗಸರ ಕೂದಲಿನಲ್ಲಿ ಇನ್ನೂ ಕೆಲವು ದಿನ ಇರುತ್ತೇನೆ, ಆಮೇಲೆ ಇರುವುದಿಲ್ಲ. ನಾನು ಅಸಲಿ ಎಂದು ನನಗೆ ಹುಟ್ಟಿನಿಂದ ಗೊತ್ತಿತ್ತು, ಆದರೂ ಯಾರ ಕೈಯನ್ನೂ ನಂಬಲಿಲ್ಲ. ಆ ಹುಡುಗಿಗೆ ನನ್ನ ಬಗ್ಗೆ ಏನೂ ಗೊತ್ತಿರಲಿಲ್ಲ. ಆದರೂ ತನ್ನ ಮನೆ, ಮಾನ ಎರಡನ್ನೂ ನನ್ನ ಜೊತೆಗೆ ಕೆಂಡದ ಮೇಲಿಟ್ಟಳು. ನಾನು ಸುಟ್ಟೆ, ಅವೆರಡೂ ಸುಡಲಿಲ್ಲ.