ಸಾಹೇಬರ ಸಿಸ್ಟಮ್ಮಿನ ಹೆಸರು

ಕಾವೇರಿಯ ಸೀರೆಯ ಮೇಲೆ ಎಲೆ ಅಡಿಕೆಯ ಕೆಂಪು ಉಗುಳು ಬಿದ್ದಿತ್ತು. ಉಗುಳಿದವನು ಹುಲೆಪ್ಪ, ಕಂಪ್ಯೂಟರ್ ರಿಪೇರಿಯ ಸಿದ್ದಾರ್ಥನ ಅಪ್ಪ. ಮುಧೋಳದ ಆಚೆ ಸಕ್ಕರೆ ಕಾರ್ಖಾನೆಯಲ್ಲಿ ಹದಿನೆಂಟು ಸೀಜನ್ ಬಾಯ್ಲರಿನ ಮುಂದೆ ಬೆಂದವನು. ಈ ಸಲ ಕಾಯಂ ಆಗುವವರ ಪಟ್ಟಿಯಲ್ಲಿ ಅವನ ಹೆಸರಿತ್ತು. ಪಟ್ಟಿಯನ್ನು ಗೋಡೆಗೆ ಹಚ್ಚಿದ ದಿನ ಇರಲಿಲ್ಲ. ಹೋದ ವರ್ಷ ಕಾಯಂ ಮಾಡಿರೆಂದು ಗೇಟಿನ ಮುಂದೆ ಕೂತು ಕೂಗಿದ, ಅವನೂ ಸೇರಿ ಒಂಬತ್ತೂ ಮಂದಿಯ ಹೆಸರು ಮಾಯವಾಗಿತ್ತು.

ಹೆಸರು ಅಳಿಸಿದ್ದು ‘ಟೈಮ್ ಮೂರು’ ಎಂದು ಸರ್ವರಿನ ದಾಖಲೆ ಹೇಳಿತು. ಅಲ್ಲಿ ಮನುಷ್ಯರ ಹೆಸರು ಬೀಳುವುದಿಲ್ಲ, ಕಂಪ್ಯೂಟರಿನ ಹೆಸರು ಬೀಳುತ್ತದೆ. ಟೈಮ್ ಮೂರು ಅಂದರೆ ಹಾಜರಿ ಹಿಡಿಯುವ ಟೈಮ್ ಆಫೀಸಿನಲ್ಲಿ ಕಾವೇರಿ ಕೂಡುವ ಸಿಸ್ಟಮ್. ಆಕೆ ಗುತ್ತಿಗೆ ಮೇಲೆ ದುಡಿಯುವ ಹುಡುಗಿ.

“ನಮ್ಮ ಕೇರ್ಯಾಗ ಹುಟ್ಟಿ ನಮ್ಮ ತುತ್ತ ಕಸಗೊಂಡಿ” ಅಂದ ಹುಲೆಪ್ಪ.

ಹೆಸರು ಅಳಿಸಿದ ದಿನ ಮಧ್ಯಾಹ್ನದವರೆಗೂ ಸಿಸ್ಟಮ್ ತನ್ನನ್ನು ಒಳಗೇ ಬಿಡಲಿಲ್ಲವೆಂದು ಕಾವೇರಿ ಅತ್ತಳು. ಯಾರೂ ಕಿವಿಗೊಡಲಿಲ್ಲ. ಸಿದ್ದಾರ್ಥನಿಗೆ ಮಾತ್ರ ಆ ದಿನ ನೆನಪಾಯಿತು. ಕಾರ್ಖಾನೆಯ ಕಂಪ್ಯೂಟರುಗಳ ರಿಪೇರಿ ಅವನದೇ. ಅವತ್ತು ಆಕೆ ಕರೆದಾಗ ಅವನೇ ಹೋಗಿ ನೋಡಿದ್ದ. ಈ ಹೆಸರಿನವರು ಆಗಲೇ ಒಳಗಿದ್ದಾರೆ ಎಂದು ಪರದೆ ಹೇಳುತ್ತಿತ್ತು. ಅವನು ವೈರು ಕಿತ್ತು ಮತ್ತೆ ಸಿಕ್ಕಿಸಿ, ಎರಡು ಸಲ ಬಂದ್ ಮಾಡಿ ಹಚ್ಚಿ, ಮೇಲಿನವರು ಕರೆದರೆಂದು ಓಡಿದ್ದ.

ದೀಪಾವಳಿಗೆ ಮೊದಲು ಮೂವತ್ತು ಹೊಸ ಸಿಸ್ಟಮ್ ಬಂದಿದ್ದವು. ಎರಡೇ ದಿನದಲ್ಲಿ ಎಲ್ಲ ಆಗಬೇಕೆಂದು ಹುಕುಂ ಆಯಿತು. ಸಿದ್ದಾರ್ಥ ಕಾವೇರಿಯದನ್ನು ನೀಟಾಗಿ ಸಿದ್ಧಮಾಡಿ, ಅದರ ನಕಲನ್ನೇ ಉಳಿದವಕ್ಕೆ ಇಳಿಸಿದ. ನಕಲು ಇಳಿಸಿದ ಮೇಲೆ ಒಂದೊಂದಕ್ಕೂ ಬೇರೆ ಹೆಸರು ಇಡಬೇಕು. ಇಡದಿದ್ದರೆ ಒಂದೇ ಹೆಸರಿನ ಇಬ್ಬರಾಗುತ್ತಾರೆ. ಮೊದಲು ಎದ್ದವನು ಒಳಗೆ, ಎರಡನೆಯವನು ಬಾಗಿಲಾಚೆ.

ಕೊನೆಯದು ಮ್ಯಾನೇಜರ್ ಅಣ್ಣಾಸಾಹೇಬರ ಕೋಣೆಯದು. ಹಚ್ಚಿದೊಡನೆ ಕಾವೇರಿ ತನ್ನ ಪರದೆಗೆ ಇಟ್ಟುಕೊಂಡಿದ್ದ ಬಾಬಾಸಾಹೇಬರ ಫೋಟೋ ಇಲ್ಲೂ ಮೂಡಿತು. ಸಾಹೇಬರು ಕುರ್ಚಿ ಬಿಟ್ಟು ಎದ್ದರು.

“ನನ್ನ ಟೇಬಲ್ ಮ್ಯಾಲ ಇದ್ಯಾಕ ಬಂತು? ಮೊದಲ ತೆಗಿ.”

ಅವನು ತೆಗೆದ. ಹೆಸರು ಬದಲಿಸುವುದೊಂದು ಬಾಕಿ ಇತ್ತು. ಸಾಕು, ಹೊರಗೆ ನಡಿ ಅಂದರು. ಅವನು ಹೊಸ್ತಿಲು ದಾಟುವ ಮೊದಲೇ ಸಿಪಾಯಿ ಬಂದು, ಅವನು ಮುಟ್ಟಿದ ಕೀಬೋರ್ಡನ್ನು ಹಸಿಬಟ್ಟೆಯಿಂದ ಒರೆಸಿದ. ಆ ಹಸಿಬಟ್ಟೆ ಮನಸ್ಸಿನಲ್ಲಿ ಉಳಿಯಿತು, ಹೆಸರು ಮರೆತುಹೋಯಿತು. ಸಾಹೇಬರೂ ಆ ಸಿಸ್ಟಮ್ಮನ್ನು ಮೇಜಿನ ಶೋಭೆಗೆ ಇಟ್ಟುಕೊಂಡಿದ್ದರೇ ಹೊರತು ಹಚ್ಚುತ್ತಿದ್ದುದು ಅಪರೂಪ. ಪಟ್ಟಿ ತಿದ್ದಿದ ದಿನ ಮಾತ್ರ ಆಫೀಸು ತೆರೆಯುವ ಮೊದಲೇ ಬಂದು ಹಚ್ಚಿದ್ದರು.

ಹೆಸರು ಅಳಿಸಿದ್ದರ ವಿಚಾರಣೆ ನಾಳೆ ಅನ್ನುವಾಗ ಸಿದ್ದಾರ್ಥ ಅವರ ಕೋಣೆಗೆ ಹೋಗಿ ನೋಡಿದ. ಸಾಹೇಬರ ಸಿಸ್ಟಮ್ಮಿಗೆ ಈಗಲೂ ಟೈಮ್ ಮೂರು ಎಂದೇ ಹೆಸರು. ಅವನು ತಡವರಿಸುತ್ತ ವಿಷಯ ಹೇಳಿದ. ಕಳ್ಳನಿಗೊಂದು ಪಿಳ್ಳೆ ನೆವ ಅನ್ನುತ್ತಾರಲ್ಲ, ಸಾಹೇಬರಿಗೆ ಅದು ಕಾವೇರಿಯ ರೂಪದಲ್ಲಿ ಕೂತಲ್ಲೇ ಸಿಕ್ಕಿತ್ತು. ಬಿಡುತ್ತಾರೆಯೇ?

“ಈಗ ಈ ಸಿಸ್ಟಮ್ಮಿನ ಹೆಸರ ಬದಲ ಮಾಡು. ನಾಳೆ ವಿಚಾರಣಿ ಮುಗದ ಮ್ಯಾಲ ನಿಮ್ಮಪ್ಪನ ಹೆಸರ ಪಟ್ಟಿಗಿ ಹತ್ತತೈತಿ” ಅಂದರು, ದನಿ ಏರಿಸದೆ.

ಎರಡು ನಿಮಿಷದ ಕೆಲಸ. ಅಪ್ಪನ ಹದಿನೆಂಟು ವರ್ಷ ಒಂದು ಕಡೆ, ಕಾವೇರಿ ಒಂದು ಕಡೆ. ಅವನ ಬೆರಳು ಕೀಬೋರ್ಡಿನ ಮೇಲೆ ಹೋಯಿತು. ಹಸಿಬಟ್ಟೆ ನೆನಪಾಯಿತು. ಆಯ್ತ್ರಿ ಎಂದು ಸುಳ್ಳು ಹೇಳಿ ಎದ್ದುಬಂದ.

ಮರುದಿನ ವಿಚಾರಣೆಗೆ ಮೇಲಿನವರು ಬಂದರು. ಒಂಬತ್ತು ಮಂದಿಯನ್ನೂ ಕರೆಸಿದ್ದರು. ಸಿದ್ದಾರ್ಥ ಮೊದಲು ಸಾಹೇಬರ ಸಿಸ್ಟಮ್ ಹಚ್ಚಿದ. ಆಮೇಲೆ ಎಲ್ಲರನ್ನೂ ಟೈಮ್ ಆಫೀಸಿಗೆ ಕರೆತಂದು ಕಾವೇರಿಗೆ ತನ್ನದನ್ನು ಹಚ್ಚಲು ಹೇಳಿದ. ಪರದೆ ಆಕೆಯನ್ನು ಒಳಗೆ ಬಿಡಲಿಲ್ಲ.

“ನೋಡ್ರಿ, ಅವತ್ತೂ ಅಕಿ ಹಿಂಗ ಹೊರಗ ನಿಂತಿದ್ಲು. ಒಳಗಿದ್ದಾವ್ರು ಸಾಹೇಬ್ರು.”

ಹುಲೆಪ್ಪ ತಲೆ ತಗ್ಗಿಸಿದ. ಅಣ್ಣಾಸಾಹೇಬರ ಮುಖ ಮಾತ್ರ ಅಲುಗಲಿಲ್ಲ.

“ಹೆಸರ ಇಡೂದು ಯಾರ ಕೆಲಸ?”

“ನಂದ್ರಿ.”

“ಮತ್ತ ತಪ್ಪು ಯಾರದು?”

ಸಂಜೆಗೆ ಆದೇಶ ಬಂತು. ಹೆಸರಿಡದ ತಪ್ಪಿಗೆ ಸಿದ್ದಾರ್ಥನ ಕೆಲಸ ಹೋಯಿತು. ಕಾರ್ಖಾನೆಯ ಕಂಪ್ಯೂಟರಿಗೆ ಖಾಸಗಿ ಫೋಟೋ ಹಾಕಿದ ತಪ್ಪಿಗೆ ಕಾವೇರಿಯದೂ ಹೋಯಿತು. ಪಟ್ಟಿ ಮಂಜೂರಾಗಿದೆ, ಇನ್ನು ಬದಲಿಲ್ಲ ಎಂದರು. ಜಮಖಂಡಿಯಿಂದ ಹೊಸ ರಿಪೇರಿಯವನು ಬಂದು ಸಾಹೇಬರ ಸಿಸ್ಟಮ್ಮಿಗೆ ಹೊಸ ಹೆಸರು ಇಟ್ಟು ಹೋದ. ಆ ಒಂಬತ್ತು ಹೆಸರು ಮಾತ್ರ ಬರಲಿಲ್ಲ.

ಮರುದಿನ ಹೊತ್ತೇರುವ ಮುಂಚೆ ಹುಲೆಪ್ಪ ಮನೆಯ ಗೋಡೆಯ ಮೇಲಿದ್ದ ಬಾಬಾಸಾಹೇಬರ ಫೋಟೋ ಹೊತ್ತು ಗೇಟಿಗೆ ಬಂದ. ಹಿಂದೆ ಎಂಟು ಮಂದಿ, ಅವರ ಹಿಂದೆ ಸಿದ್ದಾರ್ಥ. ಕಾವೇರಿ ಆಗಲೇ ಬಂದು ಕೂತಿದ್ದಳು, ಅದೇ ಸೀರೆಯಲ್ಲಿ. ಹುಲೆಪ್ಪ ಫೋಟೋ ಇಳಿಸಿ ಆಕೆಯ ಮುಂದೆ ಬಾಗಿದ.

“ಆ ಸೀರಿ ಕೊಡ ಯವ್ವಾ, ನನ್ನ ಕೈಲೆ ಒಗದ ಕೊಡ್ತೇನಿ.”

ಆಕೆ ಸೆರಗು ಬಿಡಿಸಿ ಕಲೆಯನ್ನು ಗೇಟಿನ ಕಡೆ ತಿರುಗಿಸಿಕೊಂಡಳು.

“ಇರ್ಲಿ ಬಿಡ ಕಾಕಾ. ಉಗುಳಿಸಿದಾವ್ರು ನೋಡ್ಲಿ.”