ಕಪ್ಪು ಬೆಲ್ಲದ ಫೋಟೋ

ನನ್ನ ಸ್ಟುಡಿಯೋಗೆ ಬರುವವರೆಲ್ಲ ಹೇಳುವುದು ಒಂದೇ ಮಾತು: "ಒಸಿ ಬೆಳ್ಳಗೆ ಮಾಡವ್ವ." ಕೆ.ಆರ್. ಪೇಟೆ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಒಂಬತ್ತು ವರ್ಷದಿಂದ ಮದುವೆ ಆಲ್ಬಂ ಮಾಡುತ್ತಿದ್ದೇನೆ. ಮೊದಮೊದಲು ಜಗಳಕ್ಕೆ ಬೀಳುತ್ತಿದ್ದೆ. ಹುಡುಗಿ ಇರೋ ಬಣ್ಣಕ್ಕೆ ಏನಾಗಿದೆ ಎಂದು ಕೇಳಿ ಗಿರಾಕಿಗಳನ್ನು ಕಳೆದುಕೊಂಡದ್ದೂ ಉಂಟು. ಆಮೇಲೆ ಸಾಕಾಯಿತು. ಈಗ ಯಾರೂ ಕೇಳುವ ಮೊದಲೇ ಕೈ ತಾನಾಗಿ ಹೋಗುತ್ತದೆ. ಬೆಳಕು ಏರಿಸುವುದು, ನೆರಳು ತೆಗೆಯುವುದು, ಚರ್ಮ ನುಣ್ಣಗೆ ಮಾಡುವುದು.

ಆ ಬುಧವಾರ ಬೂಕನಕೆರೆಯಿಂದ ಪ್ರಮೀಳಾ ಚಿಕ್ಕಮ್ಮ ಸ್ಟೀಲ್ ಡಬ್ಬಿ ಹಿಡಿದು ಬಂದಳು. ಒಳಗೆ ಕಳೆದ ವರ್ಷ ಅವಳೇ ಮಾಡಿದ ನಾಲ್ಕು ಅಚ್ಚು ಬೆಲ್ಲ. ಚಿಕ್ಕಮ್ಮನ ಆಲೆಮನೆಯಲ್ಲಿ ಕಬ್ಬಿನ ಹಾಲಿನ ಕೊಳೆ ತೆಗೆಯಲು ಬೆಂಡೆಗಿಡದ ಲೋಳೆ ಬಿಟ್ಟರೆ ಬೇರೇನೂ ಹಾಕುವುದಿಲ್ಲ. ಬಣ್ಣ ಬರಿಸುವ ಬಿಳಿ ಪುಡಿಯನ್ನಂತೂ ಅವಳು ಒಳಗೇ ಬಿಡುವುದಿಲ್ಲ. ಹಾಗಾಗಿ ಅವಳ ಬೆಲ್ಲ ಕಪ್ಪು. ಮಂಡಿಯಲ್ಲಿ ಹಳದಿ ಬೆಲ್ಲವೇ ಬೇಕು, ಇದನ್ನು ಮೂಸಿ ನೋಡುವವರಿಲ್ಲ.

"ನಿಮ್ ಚಿಕ್ಕಪ್ಪ ಈ ಸಲ ಆಲೆ ಬ್ಯಾಡ ಅಂತಾವ್ರೆ ಕಣೆ ರಂಜಿ," ಎಂದಳು. "ಎಲ್ಲಾ ಕಬ್ಬೂ ಮಾಕವಳ್ಳಿ ಸಕ್ರೆ ಫ್ಯಾಕ್ಟ್ರಿಗೆ ಹೊಡ್ದುಬುಡನ ಅಂತ. ಸೋಮವಾರ ಕಡಿಯೋರು ಬತ್ತಾರೆ. ಮೈಸೂರಲ್ಲಿ ಇಂದಿರ ಅಂತ ಒಬ್ರು ಅಂಗ್ಡಿ ಮಡಗವ್ರೆ, ಪುಡಿ ಹಾಕ್ದೆ ಇರೋ ಬೆಲ್ಲಾನೇ ಮಾರ್ತಾರಂತೆ. ಮೊದ್ಲು ಫೋಟೋ ಕಳ್ಸಿ ಅಂದವ್ರೆ. ಅವ್ರು ಊ ಅಂದ್ರೆ ಒಲೆ ಉರೀತದೆ, ಇಲ್ದಿದ್ರೆ ಇಲ್ಲ."

ಚಿಕ್ಕಮ್ಮ ಮದುವೆಯಾಗಿ ಬಂದಾಗಿನಿಂದ ಆ ಒಲೆಯ ಮುಂದೆಯೇ ಬದುಕಿದವಳು. ಅದು ಆರಿದರೆ ಅವಳು ಏನಾಗುತ್ತಾಳೆ? ತಲೆ ಕೆಡಿಸ್ಕೋಬೇಡ, ಬಂಗಾರದ ಥರ ಮಾಡಿಕೊಡ್ತೀನಿ ಎಂದೆ.

ಮಾಡಿಯೂ ಬಿಟ್ಟೆ. ಎರಡು ದೊಡ್ಡ ಲೈಟು ಎದುರಿಗೇ ಇಟ್ಟು ಹೊಡೆದೆ. ಕಂಪ್ಯೂಟರಿನಲ್ಲಿ ಬೆಳಕು ಏರಿಸಿದೆ, ಮೇಲಿನ ಗೀರು, ತೂತು, ಹರಳು ಎಲ್ಲ ನುಣುಪು ಮಾಡಿದೆ, ಒಂದಿಷ್ಟು ಹಳದಿ ಬೆರೆಸಿದೆ. ಬೆಲ್ಲ ಮದುಮಗಳ ಕೆನ್ನೆಯಂತೆ ಹೊಳೆಯಿತು. ಚಿಕ್ಕಮ್ಮ ಬಾಯಿ ಮೇಲೆ ಕೈಯಿಟ್ಟು ನೋಡಿದಳು. ನಮ್ಮಿಬ್ಬರಿಗೂ ಖುಷಿಯೋ ಖುಷಿ. ಅಲ್ಲೇ ಕೂತು ಮೈಸೂರಿಗೆ ಕಳಿಸಿದೆವು.

ಸಂಜೆಯೊಳಗೆ ಚಿಕ್ಕಮ್ಮನ ಫೋನಿಗೆ ಉತ್ತರ ಬಂತು. "ಕ್ಷಮಿಸಿ, ಪುಡಿ ಹಾಕಿದ ಬೆಲ್ಲ ನಾವು ತಗೊಳ್ಳಲ್ಲ."

ಮರುದಿನ ಚಿಕ್ಕಮ್ಮ ಮೊದಲ ಬಸ್ಸಿಗೇ ಬಂದು ಫೋನನ್ನು ನನ್ನ ಮುಂದೆ ಇಟ್ಟಳು. ಓದಿ ನನಗೆ ಮೈಯೆಲ್ಲ ಉರಿದುಹೋಯಿತು. "ಮೈಸೂರಿನೋಳಿಗೆ ಏನ್ ಗೊತ್ತು ಬೆಲ್ಲ ಅಂದ್ರೆ," ಎಂದು ಬೈದೆ.

"ಅವ್ರು ಗೊತ್ತಿದ್ದೇ ಹೇಳವ್ರೆ ಕಣವ್ವ," ಎಂದಳು ಚಿಕ್ಕಮ್ಮ. "ಈ ಬಣ್ಣ ಪುಡಿ ಹಾಕ್ದೆ ಬರಾಕಿಲ್ಲ. ನಿನ್ನೆ ನಂಗೂ ಮಂಕು ಕವಿದಿತ್ತು ನೋಡು. ಮೂವತ್ತು ವರ್ಸದಿಂದ ಬೆಲ್ಲ ಮಾಡೋಳು, ಚಂದಾಗೈತೆ ಅಂತ ಸುಮ್ಕೆ ಕಳುಸ್ಬುಟ್ಟೆ."

ಅವಳು ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಅವಳು ಎಷ್ಟೋ ವರ್ಷ ಹಠ ಹಿಡಿದು ಒಳಗೆ ಬಿಡದ ಪುಡಿಯನ್ನು ನಾನು ಐದು ನಿಮಿಷದಲ್ಲಿ ಸುರಿದುಬಿಟ್ಟಿದ್ದೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಅಂಗಡಿಯ ಬಾಗಿಲು ಅರ್ಧ ಎಳೆದೆ. ಎದುರಿನ ಲೈಟುಗಳನ್ನು ಆರಿಸಿದೆ. ಒಂದು ಅಚ್ಚನ್ನು ಒಡೆದು, ಒಡೆದ ಮೈ ಕಿಟಕಿಯ ಕಡೆಗೆ ತಿರುಗಿಸಿ ಇಟ್ಟೆ. ಪಕ್ಕದಿಂದ ಬಿಸಿಲು ಬಿದ್ದ ಕೂಡಲೇ ಒಳಗಿನ ಹರಳು ಒಂದೊಂದೂ ಬೇರೆಬೇರೆಯಾಗಿ ಕಂಡಿತು. ಒಂಬತ್ತು ವರ್ಷದಲ್ಲಿ ನಾನು ಪಕ್ಕದ ಬೆಳಕಿನಲ್ಲಿ ಏನನ್ನೂ ತೆಗೆದಿರಲಿಲ್ಲ, ಮುಖದ ಗುಳಿಗಳು ಎದ್ದು ಕಾಣುತ್ತವೆಂಬ ಭಯಕ್ಕೆ.

ಹೊಡೆದ ಫೋಟೋವನ್ನು ಕಂಪ್ಯೂಟರಿಗೆ ಹಾಕಿ, ಒರಟುತನ ಹೆಚ್ಚಿಸುವ ಗುಂಡಿಯನ್ನು ಬಲಕ್ಕೆ ಎಳೆದೆ. ಜಾಸ್ತಿಯಾಗಿ ಬೆಲ್ಲ ಜಲ್ಲಿಯಂತಾಯಿತು. ಚಿಕ್ಕಮ್ಮ ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಬಂದಳು.

"ನಿಧಾನಕ್ ಎಳಿ. ನಾನ್ ಪಾಕ ನೋಡೋ ಅಂಗೆ ನೋಡ್ತೀನಿ," ಎಂದಳು.

ಆಲೆಮನೆಯಲ್ಲಿ ಕೊಪ್ಪರಿಗೆ ಇಳಿಸುವ ಹೊತ್ತು ಹೇಳುವವಳು ಅವಳೇ. ಗಡಿಯಾರವಿಲ್ಲ, ಅಳತೆಯಿಲ್ಲ, ಬಣ್ಣ ನೋಡಿಯೇ ಕೂಗುತ್ತಾಳೆ. ಈಗ ಪರದೆಯ ಮುಂದೆ ಕಣ್ಣು ಕಿರಿದು ಮಾಡಿ ಕುಳಿತಳು. "ಇನ್ನೂ ಎಳೇದು. ಹಳ್ದಿ ತೆಗಿ. ಅಯ್ಯೋ, ಸೀದೋಯ್ತು ಕಣೆ, ಹಿಂದಕ್ಕೆ ಬಾ. ಆ ಗೀರು ಇರ್ಲಿ ಬುಡು, ಅಚ್ಚಿನ ಮರದ್ದು ಅದು. ಒಸಿ ಕೆಂಪು. ಒಸಿ. ನಿಲ್ಸು."

ನಿಲ್ಲಿಸಿದೆ. ಪರದೆಯ ಮೇಲೆ ಇದ್ದದ್ದು ಮೇಜಿನ ಮೇಲಿದ್ದ ಅದೇ ಬೆಲ್ಲ. ಕಪ್ಪು, ಅಂಚಿನಲ್ಲಿ ಮಾತ್ರ ಬಿಸಿಲು ತೂರಿ ಕೆಂಪು. ನನ್ನ ಕೈಯಿಂದ ಇಷ್ಟು ಚೆಂದದ ಫೋಟೋ ಎಂದೂ ಬಂದಿರಲಿಲ್ಲ. ನಿನ್ನೆಯದೂ ಇದೇ ಬೆಲ್ಲ ಎಂದು ಬರೆದು ಕಳಿಸಿದೆವು.

ಈ ಸಲ ಇಂದಿರ ಅವರೇ ಫೋನ್ ಮಾಡಿದರು. ದನಿಯಲ್ಲಿ ಕೋಪವಿರಲಿಲ್ಲ, ಅದೇ ಕಷ್ಟವಾಯಿತು. "ನಿನ್ನೆ ಹಳದಿ ಬೆಲ್ಲ ಕಳಿಸಿದ್ರಿ, ಇವತ್ತು ಕಪ್ಪು ಬೆಲ್ಲ. ಎರಡೂ ಒಂದೇ ಅಂತೀರಿ. ನಾನು ಯಾವುದನ್ನ ನಂಬಲಿ, ನೀವೇ ಹೇಳಿ."

ಹಾಗೆಂದು ಫೋನ್ ಇಟ್ಟರು. ಚಿಕ್ಕಮ್ಮನ ಮುಖ ಇಳಿದುಹೋಯಿತು. ಡಬ್ಬಿಯ ಮುಚ್ಚಳ ಹಾಕಿ ಎದ್ದಳು. "ಹೋಗ್ಲಿ ಬುಡು ರಂಜಿ. ಕಬ್ಬು ಫ್ಯಾಕ್ಟ್ರಿಗೇ ಹೋಗ್ಲಿ."

"ಕೂತ್ಕೋ," ಎಂದೆ. ಜೋರಾಗಿಯೇ ಅಂದೆನೆಂದು ಕಾಣುತ್ತದೆ, ಕೂತುಬಿಟ್ಟಳು.

ನಾನು ತಿದ್ದುವ ಮೊದಲಿನ ಫೋಟೋವನ್ನು ಇಂದಿನವರೆಗೆ ಯಾರಿಗೂ ತೋರಿಸಿದವಳಲ್ಲ. ತೋರಿಸಿದರೆ ನನ್ನ ಅಂಗಡಿಯ ಗುಟ್ಟೇ ಬಯಲು. ಆದರೂ ಫೋನನ್ನು ಪರದೆಯ ಮುಂದೆ ನಿಲ್ಲಿಸಿ ವಿಡಿಯೋ ರೆಕಾರ್ಡಿಂಗ್ ಹಾಕಿದೆ. ನಿನ್ನೆಯ ಫೋಟೋ ತೆರೆದು, ಮಾಡಿದ್ದನ್ನೆಲ್ಲ ಒಂದೊಂದಾಗಿ ತೆಗೆದೆ. ಹಳದಿ ತೆಗೆದೆ, ನುಣುಪು ತೆಗೆದೆ, ಏರಿಸಿದ ಬೆಳಕು ಇಳಿಸಿದೆ. ಬೆಲ್ಲ ಮೆಲ್ಲಗೆ ತನ್ನ ಬಣ್ಣಕ್ಕೆ ಬಂತು. ಆಮೇಲೆ ಫೋನನ್ನು ನನ್ನ ಕಡೆಗೇ ತಿರುಗಿಸಿಕೊಂಡೆ.

"ಮೇಡಂ, ಪುಡಿ ಹಾಕಿದ್ದು ನಾನು, ನಮ್ಮ ಚಿಕ್ಕಮ್ಮ ಅಲ್ಲ. ನನ್ನ ಹೆಸರು ರಂಜಿತ. ಒಂಬತ್ತು ವರ್ಷದಿಂದ ನಾನು ಎಲ್ಲರನ್ನೂ ಬೆಳ್ಳಗೆ ಮಾಡ್ತಿದ್ದೀನಿ, ಅದೇ ಚಾಳಿಗೆ ಇದನ್ನೂ ಮಾಡ್ಬಿಟ್ಟೆ. ತಪ್ಪಾಯ್ತು." ಕೊನೆಯ ಮಾತಿಗೆ ದನಿ ನಡುಗಿತು. ಮತ್ತೆ ತೆಗೆಯೋಣವೆನಿಸಿದರೂ ತೆಗೆಯದೆ ಹಾಗೆಯೇ ಕಳಿಸಿದೆ.

ಅರ್ಧ ಗಂಟೆ ಏನೂ ಇಲ್ಲ. ಚಹಾ ತರಿಸಿದೆ, ಇಬ್ಬರೂ ಕುಡಿಯಲಿಲ್ಲ. ಆಮೇಲೆ ಫೋನು ಗುಂಯ್ ಎಂದಿತು. "ಸೋಮವಾರ ಬೂಕನಕೆರೆಗೆ ನಾನೇ ಬರ್ತೀನಿ. ಒಂದು ಕೊಪ್ಪರಿಗೆ ನನ್ನ ಕಣ್ಣೆದುರು ಕಾಯಿಸಿ. ಹೀಗೇ ಬಂದರೆ ಈ ವರ್ಷ ನೀವು ಮಾಡುವುದೆಲ್ಲ ನನಗೇ ಕೊಡಿ."

ಎರಡು ಸಲ ಓದಿ ಹೇಳಿದೆ. ಚಿಕ್ಕಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಮನೆಗೆ ಫೋನ್ ಹಚ್ಚಿದಳು. ನಾನೂ ಅಳುತ್ತಿದ್ದೆ, ಮುಚ್ಚಿಟ್ಟು ಏನಾಗಬೇಕು.

"ಕೇಳುಸ್ತಾ? ಸೋಮವಾರ ಕಡಿಯೋರ್ಗೆ ಹೇಳಿ, ಮೊದಲ್ನೇ ಗಾಡಿ ಕಬ್ಬು ಆಲೆಮನೆ ತಾವ ಇಳುಸ್ಲಿ ಅಂತ," ಎಂದಳು.

ಆ ಕಡೆ ಇದ್ದದ್ದು ದೇವರಾಜು ಚಿಕ್ಕಪ್ಪ. ಅವರು ಅಂದರು, "ಅಂಗಾರೆ ಬಿರ್ನೆ ಬಾ. ಬೆಂಡೆಗಿಡ ಎಲ್ಲಿಂದ ತರ್ಬೇಕು ಅಂತ ನಂಗೆ ಗೊತ್ತಿಲ್ಲ."